ಕಾಣದ ಭಾಗಕ್ಕೆ ಕೊಡುವ ದುಡ್ಡು

ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು ತುಂಬಿರುವ ಹೆಗ್ಗನಹಳ್ಳಿಯಂಥ ಕಡೆ ಹುಡುಗನೊಬ್ಬ ಗೇಮಿಂಗ್ ಪಿಸಿ ಬೇಕೆಂದರೆ ಮನೆಯಲ್ಲಿ ಮೊದಲು ಏಳುವ ಮಾತು, ‘ಇದೆಲ್ಲ ನಮ್ಮಂಥೋರಿಗಲ್ಲ’. ನನಗೆ ಈ ಮಾತು ಒಪ್ಪಿಗೆಯಿಲ್ಲ. ರಾತ್ರಿ ವ್ಯಾಲರಂಟ್ ಆಡುವ ಯಂತ್ರದಲ್ಲೇ ಬೆಳಗ್ಗೆ ಆಟೋಕ್ಯಾಡ್ ಕಲಿಯಬಹುದು, ಮದುವೆ ವಿಡಿಯೊ ಎಡಿಟ್ ಮಾಡಿ ನಾಲ್ಕು ಕಾಸು ಸಂಪಾದಿಸಬಹುದು. ಬರೀ ಆಡಿದರೂ ತಪ್ಪೇನಿಲ್ಲ ಅನ್ನಿ. ಕೇಳಬೇಕಾದ ಪ್ರಶ್ನೆ ಬೇರೆ: ದುಡ್ಡು ಕಮ್ಮಿ ಇದ್ದಾಗ ಕೈ ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು?

ಎಲ್ಲದರಲ್ಲೂ ಒಂದೊಂದು ಸಾವಿರ ಉಳಿಸಿದರಾಯಿತು ಎನ್ನುವುದು ರೂಢಿಯ ಉತ್ತರ. ಅಲ್ಲೇ ಎಡವುವುದು. ಉಳ್ಳವನು ತಪ್ಪು ಆರಿಸಿದರೆ ಇನ್ನೊಂದು ಕೊಳ್ಳುತ್ತಾನೆ. ಚೀಟಿ ಎತ್ತಿ ಐವತ್ತು ಸಾವಿರ ತಂದವನಿಗೆ ಆ ಅನುಕೂಲವಿಲ್ಲ. ಆದ್ದರಿಂದ ಅವನು ಬೆಲೆಗಿಂತ ಮೊದಲು ಯಾವ ಭಾಗ ತಾನು ಕೆಟ್ಟು ಪಕ್ಕದ್ದನ್ನೂ ಕೆಡಿಸುತ್ತದೆ, ಯಾವುದನ್ನು ಆಮೇಲೆ ಸೇರಿಸಿಕೊಂಡರೂ ನಡೆಯುತ್ತದೆ ಎಂದು ನೋಡಬೇಕು.

ಪಕ್ಕದ್ದನ್ನು ಕೆಡಿಸುವುದರಲ್ಲಿ ಮೊದಲನೆಯದು ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಬೋರ್ಡಿಗೂ ಕಾರ್ಡಿಗೂ ಹಂಚುವುದು ಅದೇ. ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ‘ಕ್ಯಾಬಿನೆಟ್ ಜೊತೆಗೇ ಬರುತ್ತೆ ಸಾರ್, 500 ವಾಟ್ಸು’ ಎಂದು ಯಾರಾದರೂ ಅಂದರೆ, ಡಬ್ಬಿ ತಿರುಗಿಸಿ ಸ್ಟಿಕ್ಕರ್ ನೋಡಿ. 12 ವೋಲ್ಟಿನ ಕೆಳಗೆ 18 ಆಂಪಿಯರ್ ಎಂದಿದ್ದರೆ ಗುಣಿಸಿದಾಗ ಸಿಗುವುದು 216 ವಾಟ್ ಅಷ್ಟೆ. ಪ್ರೊಸೆಸರ್ರೂ ಗ್ರಾಫಿಕ್ಸ್ ಕಾರ್ಡೂ ಹೆಚ್ಚಾಗಿ ಎಳೆಯುವುದು ಈ 12 ವೋಲ್ಟನ್ನೇ. ಆರ್‌ಎಕ್ಸ್ 6600 ಕಾರ್ಡ್ ಒಂದಕ್ಕೇ 132 ವಾಟ್ ಬೇಕು, ಪ್ರೊಸೆಸರಿಗೆ 65 ಎಂದು ಹಿಡಿಯಿರಿ, ಉಳಿಯುವುದು ಹತ್ತೊಂಬತ್ತು. ಇಷ್ಟು ಬಿಗಿಯಲ್ಲಿ ದಿನಾ ನಾಲ್ಕು ಗಂಟೆ ಆಡಿಸುವುದು ಬೆಂಕಿಯ ಜೊತೆ ಸರಸ. ‘80 ಪ್ಲಸ್’ ಮುದ್ರೆ ಇದ್ದರೆ ಒಳ್ಳೆಯದೇ, ಆದರೆ ಅದು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದರ ಲೆಕ್ಕ, ಸುರಕ್ಷತೆಯ ಖಾತರಿಯಲ್ಲ. ಜೊತೆಗೆ ನಮ್ಮ ಏರಿಯಾದ ಕಥೆ ಬೇರೆ. ಕೆಳಗೆ ವರ್ಕ್‌ಶಾಪು, ಮೇಲೆ ಮನೆ; ಕೆಳಗೆ ದೊಡ್ಡ ಮೋಟಾರು ಶುರುವಾದರೆ ಮೇಲೆ ಬಲ್ಬು ಮಂಕಾಗುತ್ತದೆ. ಅದಕ್ಕೆಂದು ಯುಪಿಎಸ್ ಕೊಳ್ಳುವಾಗಲೂ ಎಚ್ಚರ: 600 ವಿಎ ಎಂದು ಬರೆದಿರುವುದು ಸಾಮಾನ್ಯವಾಗಿ ಹೊರುವುದು 360 ವಾಟ್ ಮಾತ್ರ.

ಹಳೇ ಲೇತ್ ಕೊಳ್ಳುವ ವರ್ಕ್‌ಶಾಪ್ ಮಾಲೀಕ ಬಣ್ಣ ನೋಡುವುದಿಲ್ಲ, ಬೆಡ್ ಸವೆದಿದೆಯೇ ಎಂದು ಬೆರಳಾಡಿಸಿ ನೋಡುತ್ತಾನೆ. ಅವನ ಮಗ ಕಂಪ್ಯೂಟರ್ ಕೊಳ್ಳಲು ಹೋದಾಗ ಮಾತ್ರ ಗಾಜಿನ ಕ್ಯಾಬಿನೆಟ್ಟು, ಬಣ್ಣದ ಫ್ಯಾನಿಗೆ ಸೋಲುತ್ತಾನೆ.

ಇನ್ನು ಆಮೇಲೆ ಸೇರಿಸಿಕೊಳ್ಳಬಹುದಾದದ್ದು. ನನ್ನ ಮಟ್ಟಿಗೆ ಅದು ಗ್ರಾಫಿಕ್ಸ್ ಕಾರ್ಡೇ. ಗೇಮಿಂಗ್ ಪಿಸಿಯಲ್ಲಿ ಕಾರ್ಡನ್ನೇ ಬಿಡುವುದೇ ಎಂದು ಹುಬ್ಬೇರಿಸಬೇಡಿ. 2021ರಲ್ಲಿ ಬಂದ ರೈಜೆನ್ 5 5600ಜಿಯಂಥ ಪ್ರೊಸೆಸರುಗಳ ಒಳಗೇ ಗ್ರಾಫಿಕ್ಸ್ ಇರುತ್ತದೆ. ವ್ಯಾಲರಂಟ್‌ನಂಥ ಹಗುರ ಆಟಕ್ಕೆ ಅಷ್ಟು ಸಾಕು. ಒಂದೇ ಷರತ್ತು, 16 ಜಿಬಿಯ ಒಂದು ರ‍್ಯಾಮ್ ಕಡ್ಡಿ ಬೇಡ, 8 ಜಿಬಿಯ ಎರಡು ಹಾಕಿಸಿ. ಒಳಗಿನ ಗ್ರಾಫಿಕ್ಸ್ ಬಳಸುವುದು ಇದೇ ರ‍್ಯಾಮನ್ನು. ಎರಡಿದ್ದರೆ ದಾರಿಯೂ ಎರಡು. ಕಾರ್ಡನ್ನು ವರ್ಷ ಬಿಟ್ಟು ಹಾಕಿಸಬಹುದು, ಎಸ್‌ಎಂಪಿಎಸ್ ಅದನ್ನು ತಾಳುವಂತಿದ್ದರೆ. ಬೋರ್ಡು ಒಳ್ಳೆಯದಾದರೆ ಪ್ರೊಸೆಸರನ್ನೂ ಆಮೇಲೆ ಬದಲಿಸಬಹುದು. 2018ರಲ್ಲಿ ಬಿ450 ಬೋರ್ಡ್ ಕೊಂಡವರು ಬಯಾಸ್ ಅಪ್‌ಡೇಟ್ ಮಾಡಿಸಿ, 2022ರ ರೈಜೆನ್ 5 5600 ಅನ್ನು ಅದೇ ಬೋರ್ಡಿನಲ್ಲಿ ಕೂರಿಸಿದರು.

ಮುಂದೂಡುವುದೆಂದರೆ ಜೂಜೂ ಹೌದು, ಅದನ್ನು ಮುಚ್ಚಿಡಬಾರದು. 2021ರಲ್ಲಿ ಕ್ರಿಪ್ಟೊ ಗಣಿಗಾರಿಕೆಯಿಂದಾಗಿ ಕಾರ್ಡುಗಳು ಕೈಗೆಟುಕಲಿಲ್ಲ; 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ಹಣದ ಗಣಿಗಾರಿಕೆ ನಿಂತ ಮೇಲೆ ಕಾದವರಿಗೆ ಲಾಭವಾಯಿತು. ರ‍್ಯಾಮ್ ವಿಷಯದಲ್ಲಿ ಉಲ್ಟಾ: ಚಿಪ್ ಕಂಪನಿಗಳು ಎಐ ಡೇಟಾ ಸೆಂಟರುಗಳ ಕಡೆ ತಿರುಗಿದ್ದರಿಂದ 2025ರ ಕೊನೆಗೆ ಬೆಲೆ ಗಗನಕ್ಕೇರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಕೈಬಿಡುವುದಾಗಿ ಹೇಳಿತು. ಕಾದವರು ಕೆಟ್ಟರು. ಆದರೂ ಕಾರ್ಡನ್ನೇ ಮುಂದೂಡಿ ಎನ್ನುತ್ತೇನೆ, ಏಕೆಂದರೆ ಯಾವ ಆಟ ನಿಮಗೆ ಹಿಡಿಸುತ್ತದೆ ಎಂಬುದು ಆರು ತಿಂಗಳು ಆಡಿದ ಮೇಲೆ ತಿಳಿಯುವಂಥದ್ದು.

ಆಫೀಸುಗಳಿಂದ ಬಂದ ಹಳೇ ಕಂಪ್ಯೂಟರು ಅಗ್ಗ ಎಂದು ಕೊಳ್ಳುವವರೂ ಇದ್ದಾರೆ. ಆದರೆ ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿದಿದೆ. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಹೆಚ್ಚಿನ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ.

ಕಡೆಯದಾಗಿ ಬಿಲ್ಲು. ಬಿಲ್ ಬಿಟ್ಟು 18 ಪರ್ಸೆಂಟ್ ಜಿಎಸ್‌ಟಿ ಉಳಿಸಿದವರು ವಾರಂಟಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದಂತೆ. ಕೊಟೇಶನ್‌ನಲ್ಲಿ ಎಸ್‌ಎಂಪಿಎಸ್‌ನ ಕಂಪನಿ, ಮಾಡೆಲ್, ವಾರಂಟಿ ವರ್ಷ ಬೇರೆ ಸಾಲಿನಲ್ಲೇ ಬರೆಸಿಕೊಳ್ಳಿ. ಬರೆದುಕೊಡದಿದ್ದರೆ ಎದ್ದು ಬನ್ನಿ, ಎಸ್.ಪಿ. ರಸ್ತೆಯಲ್ಲಿ ಅಂಗಡಿಗಳಿಗೇನು ಬರವಿಲ್ಲ.