ಗುರುತುಬಿಲ್ಲೆಯ ಋಣ

1984ನೆಯ ಇಸವಿಯ ಮೇ ತಿಂಗಳ ಕೊನೆಯಲ್ಲಿ, ಆಪರೇಷನ್ ಮೇಘದೂತ್ ಎಂದು ಪ್ರಸಿದ್ಧವಾದ ಕಾರ್ಯಾಚರಣೆಯ ಮೊದಲ ಬೇಸಗೆಯಲ್ಲಿ, ಕುಮಾವೂ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನ ಒಂದು ತುಕಡಿಯು ಸಿಯಾಚಿನ್ ಪ್ರದೇಶದ ಹಿಮಕುಸಿತಕ್ಕೆ ಸಿಕ್ಕಿ ಅಳಿಯಿತು. ಕೆಲವರ ದೇಹಗಳು ದೊರೆತವು, ಕೆಲವರವು ದೊರೆಯಲಿಲ್ಲ. ದೊರೆಯದವರಲ್ಲಿ ಒಬ್ಬನಾದ ಲ್ಯಾನ್ಸ್ ನಾಯಕ್ ಚಂದ್ರಶೇಖರ ಹರ್ಬೋಲಾ ಎಂಬಾತನ ಅವಶೇಷವು 38 ವರ್ಷಗಳ ತರುವಾಯ, 2022ರ ಆಗಸ್ಟ್ ತಿಂಗಳಿನಲ್ಲಿ, 16,000 ಅಡಿಗೂ ಮೇಲ್ಪಟ್ಟ ಎತ್ತರದ ಒಂದು ಹಳೆಯ ಬಂಕರಿನಲ್ಲಿ ಕಾಣಿಸಿಕೊಂಡಿತು. ಅದು ಯಾರದೆಂಬುದನ್ನು ತಿಳಿಸಿದುದು ಸೈನ್ಯದ ಕ್ರಮಸಂಖ್ಯೆಯನ್ನು ಕೊರೆದಿದ್ದ ಒಂದು ಸಣ್ಣ ಬಿಲ್ಲೆ. ಆ ಸಂಖ್ಯೆಯನ್ನು ದಫ್ತರದೊಡನೆ ತಾಳೆ ನೋಡಿದರು, ಹೆಸರು ಹೊರಟಿತು, ಅದೇ ತಿಂಗಳು ಹಲ್ದ್ವಾನಿಯಲ್ಲಿ ಸೈನಿಕಮರ್ಯಾದೆಯೊಡನೆ ದಹನಸಂಸ್ಕಾರ ನಡೆಯಿತು. ಮಡಿದವನೊಬ್ಬನ ಹೆಸರಿಗಾಗಿ ರಾಜ್ಯವು ಎಷ್ಟು ಕಾಲ, ಯಾವ ಮಿತಿಯವರೆಗೆ ಹೊಣೆಯಾಗಿರಬೇಕು ಎಂಬ ಪ್ರಶ್ನೆಯನ್ನು ಈ ಪ್ರಸಂಗವು ನಮ್ಮ ಮುಂದೆ ಇಡುತ್ತದೆ.

ನಾನು ವಾಸವಾಗಿರುವ ಹೈದರಾಬಾದಿನ ಮಣಿಕೊಂಡದಲ್ಲಿ ಕುಳಿತು ಈ ಪ್ರಶ್ನೆಯನ್ನು ಆಲೋಚಿಸುವುದಕ್ಕೆ ವಿಶೇಷವಾದ ಅನುಕೂಲವೊಂದುಂಟು. ಇಲ್ಲಿಂದ ಕೆಲವೇ ಮೈಲಿಗಳ ಆಚೆಗೆ ಗೋಲ್ಕೊಂಡದ ಕೋಟೆ. ಅದರ ನೆರೆಯಲ್ಲಿಯೇ, ಕನ್ನಡನಾಡಿನ ಹುಡುಗರೂ ಬಂದು ತರಬೇತಿ ಪಡೆಯುವ ಫಿರಂಗಿದಳದ ಕೇಂದ್ರ. 1687ರಲ್ಲಿ ಔರಂಗಜೇಬನ ಸೇನೆಯು ಆ ಕೋಟೆಯನ್ನು ಎಂಟು ತಿಂಗಳ ಕಾಲ ಮುತ್ತಿ, ಕಡೆಗೆ ಒಳಗಿನವನೊಬ್ಬನ ದ್ರೋಹದಿಂದ ಬಾಗಿಲು ತೆರೆಯಲ್ಪಟ್ಟು ಒಳಹೊಕ್ಕಿತು. ಅಂದು ಗೋಲ್ಕೊಂಡದ ಅರಸ ತಾನಾಶಾಹನ ಪಕ್ಷವನ್ನು ಬಿಡದೆ ಹೋರಾಡಿದ ಅಬ್ದುಲ್ ರಜಾಕ್ ಲಾರಿ ಎಂಬ ಸರದಾರನ ಮೈಮೇಲೆ ಸುಮಾರು 70 ಗಾಯಗಳಿದ್ದುವೆಂಬುದನ್ನು ಚರಿತ್ರೆಕಾರರು ಬರೆದಿಟ್ಟಿದ್ದಾರೆ. ಒಬ್ಬ ಸರದಾರನ ಗಾಯಗಳನ್ನು ಎಣಿಸುವಷ್ಟು ತಾಳ್ಮೆಯಿದ್ದ ಆ ಕಾಲಕ್ಕೆ, ಬರಗಾಲ ವ್ಯಾಧಿಗಳಿಂದಲೂ ಗುಂಡುಗಳಿಂದಲೂ ಎರಡು ಪಕ್ಷಗಳಲ್ಲಿ ಸತ್ತ ಸಾಮಾನ್ಯರ ಹೆಸರುಗಳನ್ನು ಬರೆಯುವ ತಾಳ್ಮೆಯಿರಲಿಲ್ಲ. ಇಂದು ಈ ಸುತ್ತಿನಲ್ಲಿ ಗಗನಚುಂಬಿ ಕಟ್ಟಡಗಳಿಗಾಗಿ ಎಷ್ಟು ಆಳಕ್ಕೆ ಬಂಡೆಯನ್ನು ಒಡೆದರೂ ಅವರ ಹೆಸರು ಸಿಕ್ಕುವಂತಿಲ್ಲ. ಅದನ್ನು ಯಾರೂ ಎಲ್ಲಿಯೂ ಕೊರೆದಿರಲಿಲ್ಲ.

ಸಾಮಾನ್ಯ ಸಿಪಾಯಿಯ ಕೊರಳಿಗೆ ಹೆಸರನ್ನು ಕಟ್ಟುವ ಪದ್ಧತಿಯು ಬಹು ಈಚಿನದು. ಬ್ರಿಟಿಷ್ ಸೈನ್ಯವು 1907ರಲ್ಲಿ ಒಂದು ಅಲ್ಯೂಮಿನಿಯಂ ಬಿಲ್ಲೆಯನ್ನು ಗೊತ್ತುಮಾಡಿತು. ಮಡಿದವನ ಸುದ್ದಿಯನ್ನು ಕಚೇರಿಗೆ ಮುಟ್ಟಿಸಲೆಂದು ಆ ಬಿಲ್ಲೆಯನ್ನು ಕಳಚಿಕೊಂಡೊಡನೆ ದೇಹವು ಅನಾಮಿಕವಾಗುತ್ತಿತ್ತು. ಸತ್ತನೆಂಬುದು ಗೊತ್ತು, ಎಲ್ಲಿ ಮಲಗಿದ್ದಾನೆಂಬುದು ಗೊತ್ತಿಲ್ಲ. ಈ ಅನರ್ಥವನ್ನು ಮನಗಂಡು 1916ರಲ್ಲಿ ನಾರಿನ ಹಲಗೆಯ ಎರಡು ಬಿಲ್ಲೆಗಳನ್ನು ಕೊಡತೊಡಗಿದರು: ಎಂಟು ಮೂಲೆಯ ಹಸುರು ಬಿಲ್ಲೆ ದೇಹದೊಡನೆಯೇ ಉಳಿಯತಕ್ಕದ್ದು, ದುಂಡನೆಯ ಕೆಂಪು ಬಿಲ್ಲೆ ಲೆಕ್ಕಕ್ಕಾಗಿ ಹಿಂದಿರುಗತಕ್ಕದ್ದು. ಒಂದು ಸತ್ತವನಿಗೆ, ಒಂದು ದಫ್ತರಕ್ಕೆ. ಈ ಏರ್ಪಾಡಿನಲ್ಲಿ ರಾಜ್ಯವು ತಾನು ಅರಿತೋ ಅರಿಯದೆಯೋ ಒಂದು ಸಾಲಪತ್ರಕ್ಕೆ ರುಜು ಹಾಕಿತೆಂದು ನನ್ನ ಮತ. ಒಬ್ಬನನ್ನು ಅವನ ಊರು, ಮನೆತನ, ಮಾತುಗಳಿಂದ ಬಿಡಿಸಿ ಒಂದು ಸಂಖ್ಯೆಯನ್ನಾಗಿ ಮಾಡಿಕೊಂಡವರು, ಆ ಸಂಖ್ಯೆಯು ಎಂದು ಎಲ್ಲಿ ಕಾಣಿಸಿಕೊಂಡರೂ ಅದನ್ನು ಮತ್ತೆ ಹೆಸರನ್ನಾಗಿ ಮಾಡಿಕೊಡಲು ಬದ್ಧರು.

ಆ ಸಾಲವನ್ನು ತೀರಿಸದೆ ಬಿಟ್ಟುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮೆಸಪೊಟೇಮಿಯದಲ್ಲಿ ಮಡಿದು ಸಮಾಧಿಯ ಗುರುತಿಲ್ಲದ 40,000ಕ್ಕೂ ಹೆಚ್ಚು ಮಂದಿಯ ಸ್ಮಾರಕವನ್ನು 1929ರಲ್ಲಿ ಬಸ್ರಾದಲ್ಲಿ ತೆರೆದಾಗ, ಅದರ ಫಲಕಗಳ ಮೇಲೆ ಬ್ರಿಟಿಷ್ ಸಿಪಾಯಿಗೆ ಹೆಸರಿತ್ತು, ಭಾರತೀಯ ಅಧಿಕಾರಿಗೆ ಹೆಸರಿತ್ತು; ಭಾರತೀಯ ಸಿಪಾಯಿಗಳನ್ನು ಮಾತ್ರ ಪಡೆಯ ಹೆಸರಿನ ಕೆಳಗೆ ಇಂತಿಷ್ಟು ಮಂದಿಯೆಂದು ಮೊತ್ತದಲ್ಲಿ ತೋರಿಸಿದರು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವು ಈ ಬಗೆಯ ತಾರತಮ್ಯವನ್ನು ಒಪ್ಪಿ ಕ್ಷಮೆ ಕೇಳಿದುದು 2021ರಲ್ಲಿ. ಪೂರ್ವ ಆಫ್ರಿಕ, ಈಜಿಪ್ಟ್ ಮೊದಲಾದ ಕಡೆಗಳ ಕನಿಷ್ಠ 1,16,000 ಮಂದಿಯನ್ನು ಹೆಸರಿನಿಂದ ಸ್ಮರಿಸಿಯೇ ಇಲ್ಲವೆಂದು ಆಗ ಹೊರಬಂದಿತು. ಫ್ರಾನ್ಸಿನ ರಿಷ್‌ಬೂರ್ ಗ್ರಾಮದ ಬಳಿ 2016ರಲ್ಲಿ ಕಾಲುವೆ ತೋಡುವಾಗ ದೊರೆತ ಎರಡು ದೇಹಗಳ ಸಂಗತಿ ಇನ್ನೂ ಸಂಕಟಕರವಾದದ್ದು: ಭುಜದ ಲೋಹಚಿಹ್ನೆಯ ಮೇಲಿನ 39 ಎಂಬ ಅಂಕಿಯಿಂದ ಅವರು ಗಢವಾಲ್ ರೈಫಲ್ಸಿನವರೆಂದು ತಿಳಿಯಿತು, ಅದಕ್ಕಿಂತ ಮುಂದಕ್ಕೆ ಹೋಗುವ ದಾರಿಯಿರಲಿಲ್ಲ. ಮರುವರ್ಷ ಲಾವಂತಿಯಲ್ಲಿ ಅವರನ್ನು ಗೌರವದಿಂದಲೇ ಸಮಾಧಿ ಮಾಡಿದರು, ಆದರೆ ಹೆಸರಿಲ್ಲದವರನ್ನಾಗಿ.

ಇಲ್ಲಿ ನಮ್ಮವರೇ ಆದ ಕೆಲವು ವಿವೇಕಿಗಳು ಒಂದು ಆಕ್ಷೇಪವನ್ನೆತ್ತುವುದುಂಟು. ದೇಹವು ನಶ್ವರ, ನಾಮರೂಪಗಳು ಮಿಥ್ಯೆ. ಸುಟ್ಟು ಬೂದಿಯನ್ನು ಹೊಳೆಗೆ ಬಿಡುವ ಜನಕ್ಕೆ ಎಲುಬುಗಳ ಮೇಲೆ ಈ ವ್ಯಾಮೋಹವೇಕೆ, ಇದು ಪಾಶ್ಚಾತ್ಯರ ಗೋರಿಪೂಜೆಯ ಅನುಕರಣವಲ್ಲವೆ ಎಂದು. ಈ ಮಾತು ವೇದಾಂತದಂತೆ ಕೇಳಿಸಿದರೂ ಆಚಾರಕ್ಕೂ ಇತಿಹಾಸಕ್ಕೂ ವಿರುದ್ಧವಾದದ್ದು. ನಮ್ಮ ತರ್ಪಣವು ಹೆಸರನ್ನೂ ಗೋತ್ರವನ್ನೂ ಉಚ್ಚರಿಸದೆ ನಡೆಯುವುದಿಲ್ಲ. ಕಾಣೆಯಾದವನಿಗಾಗಿ 12 ವರ್ಷ ಕಾದು, ಬಳಿಕ ಮುತ್ತುಗದ ಎಲೆಗಳಿಂದ ಪ್ರತಿಕೃತಿಯನ್ನು ಕಟ್ಟಿ ದಹಿಸುವ ವಿಧಿಯನ್ನು ಧರ್ಮಶಾಸ್ತ್ರಕಾರರು ಹೇಳಿರುವುದು, ಅನಿಶ್ಚಿತವಾದ ಮರಣವು ಬದುಕಿರುವವರನ್ನು ಹೇಗೆ ಅರೆಬಂಧನದಲ್ಲಿಡುತ್ತದೆಂಬುದನ್ನು ಬಲ್ಲವರಾದುದರಿಂದಲೇ. ನಮ್ಮ ಸಾಕ್ಷ್ಯಶಾಸನವು ಅದೇ ಅವಧಿಯನ್ನು 7 ವರ್ಷಕ್ಕೆ ಇಳಿಸಿದೆ. ಸಿಯಾಚಿನ್ನಿನ ಹಿಮನದಿಯು 38 ವರ್ಷ ತೆಗೆದುಕೊಂಡಿತು.

ಇನ್ನು ಇತಿಹಾಸದ ಮಾತು. ದನಗಳನ್ನು ಕಾಯುತ್ತ, ಊರನ್ನು ಉಳಿಸುತ್ತ ಸತ್ತವರಿಗಾಗಿ ವೀರಗಲ್ಲುಗಳನ್ನು ನಿಲ್ಲಿಸಿದ ನಾಡು ನಮ್ಮದು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ನೆನೆಯಿರಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನು, ಏನು ಬೇಕೆಂದು ಗಂಗದೊರೆ ಬೂತುಗನು ಕೇಳಿದಾಗ, ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಹಂದಿಯೊಂದರೊಡನೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು, ಆ ಕಲ್ಲಿನ ಪೂಜೆಗೆ ಭೂಮಿಯನ್ನು ಬಿಟ್ಟರು. 10ನೆಯ ಶತಮಾನದ ನಡುವಿನ ಆ ಶಾಸನವು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಹೆಸರು ಕೊರೆದ ನಾಡಿಗೆ, ಸಿಪಾಯಿಗೆ ಹೆಸರು ಕೊರೆಯುವುದನ್ನು ಪಶ್ಚಿಮದವರಿಂದ ಕಲಿಯಬೇಕಾಗಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರೊಡನೆ ಕುದುರೆಯೇರಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಪಡೆಯನ್ನು ನೋಡಿ: ದೆಹಲಿಯ ತೀನ್ ಮೂರ್ತಿಯಲ್ಲಿ ಮೈಸೂರು, ಹೈದರಾಬಾದ್, ಜೋಧಪುರಗಳ ಪಡೆಗಳನ್ನು ಮೂರು ಕಂಚಿನ ವಿಗ್ರಹಗಳು ಪ್ರತಿನಿಧಿಸುತ್ತವೆ. ಮೈಸೂರಿನವನಾಗಿ ಹೈದರಾಬಾದಿನಲ್ಲಿರುವ ನನ್ನಂಥವನಿಗೆ ಅವು ಪ್ರಿಯವೇ. ಆದರೂ ಮಡಿದವರ ಹೆಸರುಗಳನ್ನು ಹೊತ್ತು ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಗದ್ದಲದ ನಡುವೆ ನಿಂತಿರುವ ಕಲ್ಲುಕಂಬವೇ ಹೆಚ್ಚು ಸತ್ಯವಾದ ಸ್ಮಾರಕವೆಂದು ತೋರುತ್ತದೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದದ್ದು: ಸತ್ತವರಿಗಾಗಿ ಬದುಕಿರುವವರನ್ನು ಅಪಾಯಕ್ಕೆ ಒಡ್ಡಬಹುದೆ? 2016ರ ಫೆಬ್ರವರಿ 3ರಂದು ಸಿಯಾಚಿನ್ನಿನ ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯಲ್ಲಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹಿಮದಡಿ ಹೂತುಹೋದರು. ಜೊತೆಗಾರರು ಗರಗಸಗಳಿಂದ ಹಿಮವನ್ನು ಕೊಯ್ದು, ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರನ್ನು ಆರನೆಯ ದಿನ ಜೀವಂತವಾಗಿ ಹೊರತೆಗೆದರು. ಫೆಬ್ರವರಿ 11ರಂದು ಅವರು ದೆಹಲಿಯಲ್ಲಿ ತೀರಿಕೊಂಡರು. ಅಂಥ ಶೋಧವನ್ನು ಯಾರೂ ಪ್ರಶ್ನಿಸಲಾರರು, ಜೀವದ ಆಸೆಯಿತ್ತು. ಆದರೆ ಜೀವವು ಹೋದುದು ನಿಶ್ಚಯವಾದ ಮೇಲೆ, ಒಂದು ಬಿಲ್ಲೆಗಾಗಿ ಮತ್ತೊಬ್ಬನನ್ನು ಹಿಮದ ಬಿರುಕಿಗೆ ಇಳಿಸುವುದನ್ನು ನಾನು ಒಪ್ಪುವುದಿಲ್ಲ. ಮಡಿದವನೂ ಒಪ್ಪುತ್ತಿರಲಿಲ್ಲವೆಂದು ಭಾವಿಸುತ್ತೇನೆ. ಹುಡುಕಾಟಕ್ಕೆ ಮಿತಿಯಿರಬೇಕು, ಲೆಕ್ಕಕ್ಕೆ ಇರಬಾರದು. ಹಿಮವು ಕರಗಿಯೋ ನೆಲವು ಸವೆದೋ ಒಂದು ಸಂಖ್ಯೆಯನ್ನು ತಾನಾಗಿ ಹಿಂದಿರುಗಿಸಿದ ದಿನ, ಅದನ್ನು ಓದುವ ದಫ್ತರವು ಗೆದ್ದಲು ತಿಂದು ಹೋಗಿರಕೂಡದು. ದೊಡ್ಡ ವಿಗ್ರಹಗಳಿಗೆ ಆಗುವ ವೆಚ್ಚದ ಒಂದು ಸಣ್ಣ ಪಾಲು ಈ ಹಳೆಯ ದಾಖಲೆಗಳ ರಕ್ಷಣೆಗೆ ಸಂದರೆ ಸಾಕು. ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕವು 2019ರಲ್ಲಿ 25,942 ಹೆಸರುಗಳೊಡನೆ ತೆರೆದದ್ದು ಸಂತೋಷದ ವಿಷಯ. ಆ ಗೋಡೆಯ ಹೊನ್ನಕ್ಷರಗಳಿಗೆ ಆಧಾರ ಯಾವುದೋ ರೆಜಿಮೆಂಟಿನ ಗುಮಾಸ್ತನು ತಪ್ಪಿಲ್ಲದೆ ಬರೆದ ಒಂದು ಸಾಲು.

ನೆಲದಲ್ಲಿ ದೊರೆತ ಬಿಲ್ಲೆಯನ್ನು ಸಂಗ್ರಹಕಾರರು ಕೊಳ್ಳುವುದು, ಮಾರುವುದು ಹಲವು ದೇಶಗಳಲ್ಲಿ ನಡೆದಿದೆ. ಅದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ತಪ್ಪೇನೆಂದರೆ, ಬಿಲ್ಲೆಯ ಸಾಕ್ಷ್ಯಶಕ್ತಿಯು ಅದು ಬಿದ್ದಿದ್ದ ಸ್ಥಳದೊಡನೆ ಸೇರಿಕೊಂಡಿದೆ. 1916ರ ಮೊದಲು ಕಳಚಿದ ಬಿಲ್ಲೆಯಿಂದ ಆದ ಹಾನಿಯೇ ಇಲ್ಲಿಯೂ ಆಗುತ್ತದೆ: ಎಲುಬುಗಳು ಮೂಕವಾಗುತ್ತವೆ, ಬಿಲ್ಲೆಯು ಅಲಂಕಾರವಾಗುತ್ತದೆ. ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ. ಅಜ್ಜನ ಟ್ರಂಕಿನಲ್ಲಾಗಲಿ, ಇಲ್ಲಿಯ ಜುಮ್ಮೇರಾತ್ ಬಜಾರಿನಂಥ ಹಳೆಯ ಸಾಮಾನುಗಳ ಸಂತೆಯಲ್ಲಾಗಲಿ, ಸಂಖ್ಯೆ ಕೊರೆದ ಸೈನಿಕ ಬಿಲ್ಲೆಯೋ ಪದಕವೋ ಕಣ್ಣಿಗೆ ಬಿದ್ದರೆ ಹುಣಿಸೆಹಣ್ಣು ಹಾಕಿ ತಿಕ್ಕಬೇಡಿರಿ. ಅದರ ಮೇಲಿನ ಅಕ್ಷರಗಳನ್ನು ಇದ್ದುದು ಇದ್ದಂತೆ ಬರೆದುಕೊಂಡು, ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸಿ ಗುರುತುಮಾಡಿ, ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ತಲಪಿಸಿರಿ.