ಅಸಲು ಮುಟ್ಟದೆ ಬಡ್ಡಿ ತಿನ್ನೋಣ

ಆರನೇ ಇಯತ್ತೆಯಲ್ಲಿದ್ದಾಗ ರಜೆಗೆ ಊರಿಗೆ ಹೋದವನು ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪ ನೋಡಿ ಬಂದೆ. ಬರುವಾಗ ಚಡ್ಡಿ ಜೇಬಿನಲ್ಲಿ ಒಂದು ಕಲ್ಲಿನ ಚೂರಿತ್ತು. ಅದೀಗ ಮುಂಬಯಿಯ ನಮ್ಮ ಖೋಲಿಯ ಕಪಾಟಿನಲ್ಲಿದೆ. ಆ ಕಳ್ಳಮಾಲನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೀತಿದ್ದೇನೆ.

ಲಾವಾರಸ ತಣ್ಣಗಾಗುತ್ತ ಕುಗ್ಗಿ, ಬಿರಿದು, ಐದಾರು ಮುಖಗಳ ಕಂಬಗಳಾಗಿ ನಿಂತ ಕಲ್ಲದು. ಮಡಗಾಸ್ಕರ್ ನಮ್ಮ ನೆಲದಿಂದ ಪಾಲಾಗಿ ಹೋದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು. ಎರಡು ಭೂಭಾಗಗಳ ಪಾಲುಪಟ್ಟಿ ಅಂತಲೇ ಅನ್ನಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಇದ್ಯಾವುದೂ ನನಗಾಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಜೇಬಿಗೆ ಹಾಕುತ್ತಿದ್ದೆನೇ?

ಗೊತ್ತುಮಾಡಿಸುವ ಕೆಲಸವನ್ನೇ ಜಿಯೋಪಾರ್ಕುಗಳು ಮಾಡುತ್ತವೆ. ಪಾರ್ಕು ಎಂದರೆ ಬೇಲಿ, ಬೀಗ, ಟಿಕೇಟು ಅಲ್ಲ. ಜಗತ್ತೇ ಗಮನಿಸಬೇಕಾದ ಕಲ್ಲು-ನೆಲ, ಅದರ ಮೇಲೆ ಬದುಕುವ ಊರು, ಹೊಲ, ಗುಡಿ ಎಲ್ಲ ಕೂಡಿದ ಪ್ರದೇಶ. 2015ರಲ್ಲಿ ಯುನೆಸ್ಕೋ ಇದನ್ನು ತನ್ನ ಕಾರ್ಯಕ್ರಮವಾಗಿ ಮಾಡಿಕೊಂಡಿತು. 2025ರ ಏಪ್ರಿಲ್ ಹೊತ್ತಿಗೆ 50 ದೇಶಗಳಲ್ಲಿ 229 ಇದ್ದವು. ಭಾರತದ್ದು ಒಂದೂ ಇರಲಿಲ್ಲ. ಕೊರಿಯಾದ ಜೆಜು ದ್ವೀಪ 2010ರಲ್ಲೇ ಆ ಪಟ್ಟಿ ಸೇರಿತ್ತು. ಅಲ್ಲಿಯ ಕಡಲಂಚಿನಲ್ಲಿ ಇಂಥವೇ ಕಲ್ಲುಕಂಬಗಳಿವೆ.

ಕಾಮರ್ಸಿನವನಾದ ನನಗೆ ಇದರ ಲೆಕ್ಕಾಚಾರ ಹಿಡಿಸಿತು. ಕಲ್ಲು ಅಸಲು, ಅದರ ಕತೆ ಬಡ್ಡಿ. ಅಸಲನ್ನು ಮಾರಕೂಡದು, ಕಲ್ಲು, ಪಳೆಯುಳಿಕೆಗಳ ವ್ಯಾಪಾರಕ್ಕೆ ಜಿಯೋಪಾರ್ಕು ಕೈಹಾಕುವಂತಿಲ್ಲ. ಕತೆ ಹೇಳಿ, ದಾರಿ ತೋರಿಸಿ, ಊಟ ಹಾಕಿ ಊರವರು ಸಂಪಾದಿಸಬಹುದು. ನಾಲ್ಕು ವರ್ಷಕ್ಕೊಮ್ಮೆ ಆಡಿಟ್ ಉಂಟು. ಪಾಸಾದರೆ ಹಸಿರು ಕಾರ್ಡು. ಹಳದಿಯಾದರೆ ತಿದ್ದಿಕೊಳ್ಳಲು ಎರಡು ವರ್ಷ. ಕೆಂಪಾದರೆ ಹೆಸರೇ ಹೋಯಿತು!

"ಜನರನ್ನು ಕರೆದರೆ ಕಲ್ಲೂ ಹಾಳು, ಊರೂ ಹಾಳು. ಸುಮ್ಮನೆ ಬೇಲಿ ಹಾಕಿ" ಎಂದು ಗೆಳೆಯನೊಬ್ಬ ವಾದಿಸಿದ. ಅವನ ಮಾತು ಪೂರಾ ಸುಳ್ಳಲ್ಲ. ಲಾಭ ಹೊರಗಿನ ಕಂತ್ರಾಟುದಾರನಿಗೆ, ಕಸ ಊರಿಗೆ ಎಂದಾದರೆ ಅವನೇ ಗೆದ್ದ. ಜಿಯೋಪಾರ್ಕಿನ ಹೆಸರು ತಾನೇ ಕಾನೂನೂ ಅಲ್ಲ. ರಕ್ಷಣೆಗೆ ಆಯಾ ದೇಶದ ಕಾನೂನೇ ಬೇಕು. ಆದರೆ ಬೇಲಿ ಕಾಯುವವನು ಸಂಜೆಗೆ ಮನೆಗೆ ಹೋಗುತ್ತಾನೆ. ಅನ್ನ ಕೊಡುವ ಕಲ್ಲನ್ನು ಊರು ರಾತ್ರಿಯೂ ಕಾಯುತ್ತದೆ.

ದೂರ ಯಾಕೆ, ನಮ್ಮ ಅಂಧೇರಿಯ ಗಿಲ್ಬರ್ಟ್ ಹಿಲ್ ನೋಡಿ. ಸುಮಾರು 6.6 ಕೋಟಿ ವರ್ಷದ, 200 ಅಡಿ ಎತ್ತರದ ಕರಿಕಲ್ಲಿನ ಕಂಬಗಳ ರಾಶಿ. ಸುತ್ತಲಿನ ಕಲ್ಲನ್ನು ಒಡೆದು ಸಾಗಿಸಿ ಆಯಿತು. ಈಗ ಕಟ್ಟಡಗಳು ಅದರ ಕಾಲಬುಡಕ್ಕೇ ಬಂದಿವೆ. ಮೇಲೆ ಗಾಂವ್‌ದೇವಿಯ ಗುಡಿ ಇದೆ. ದೇವಿಗೆ ಕೈಮುಗಿಯುವವರು ಕಾಲ ಕೆಳಗಿನ ಕಲ್ಲಿನ ವಯಸ್ಸು ಕೇಳುವುದಿಲ್ಲ. ಒಂಟಿ ಬಂಡೆ ಜಿಯೋಪಾರ್ಕ್ ಆಗದು, ನಿಜ. ಅದರ ಕತೆ ಹೇಳಲು ಯುನೆಸ್ಕೋದ ಅಪ್ಪಣೆ ಬೇಕೇ?

ಗೆಳೆಯರೇ, ಕನ್ನಡ ಶಾಲೆಯಲ್ಲಿ ಕಲಿತು ಬಂದ ನಾವು ಈ ಊರಿಗೆ ಏನು ಕೊಟ್ಟೆವು? ಒಂದು ಭಾನುವಾರ ಬಂಡೆ ಹತ್ತೋಣ. ಅದರ ಕತೆಯನ್ನು ಕನ್ನಡ, ಮರಾಠಿ ಎರಡರಲ್ಲೂ ಒಂದೇ ಹಾಳೆಯಲ್ಲಿ ಬರೆದು, ಇದೇ ಸೈಕ್ಲೋಸ್ಟೈಲ್ ಮಶಿನಿನಲ್ಲಿ ತೆಗೆದು, ಸುತ್ತಲಿನ ಮನೆಗಳಿಗೆ ಹಂಚೋಣ.

ಇನ್ನು ನನ್ನ ಬಾಕಿ. ಮುಂದಿನ ರಜೆಗೆ ಊರಿಗೆ ಹೋಗುವಾಗ ಆ ಚೂರು ನನ್ನ ಜೇಬಿನಲ್ಲಿರುತ್ತದೆ. ಬರುವಾಗ ಇರುವುದಿಲ್ಲ.