ಹಾರದ ಗುಂಡು

ಹುಟ್ಟಿನಿಂದ ಶಾಕಾಹಾರಿಯಾಗಿ, ಅಂಗಳದ ಬಾಳೆಗೊನೆಗೆ ಕೈಹಾಕಿದ ಕೋತಿಯ ಮೇಲೂ ಕವಣೆ ಬೀಸಿ ಅರಿಯದ ನನ್ನಂಥವನು ಎಪ್ಪತ್ತರ ಹೊಸ್ತಿಲಲ್ಲಿ ನಿಂತು ಬೇಟೆಯ ವಿಷಯವಾಗಿ ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ. ಮಗನ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬರಲೆಂದು ಅಮೆರಿಕದ ಮಿಸೌರಿ ರಾಜ್ಯಕ್ಕೆ ಹೋಗಿದ್ದಾಗ, ಶಾಲೆಯೊಂದರಲ್ಲಿ ಮರಗೆಲಸ ಕಲಿಸಿ ನಿವೃತ್ತರಾಗಿದ್ದ ಪಕ್ಕದ ಮನೆಯ ಮಿತಭಾಷಿ ಗೃಹಸ್ಥರು ಏಪ್ರಿಲ್ ತಿಂಗಳ ಒಂದು ಸಂಜೆ ಬೇಲಿಯ ಆಚೆಯಿಂದ, "ನಾಳೆ ಟರ್ಕಿ ಕೋಳಿಯ ಬೇಟೆಗೆ ಬರುತ್ತೀರಾ? ನೀವೇನನ್ನೂ ಕೊಲ್ಲಬೇಕಾಗಿಲ್ಲ, ಅಲುಗಾಡದೆ ಕೂತರೆ ಸಾಕು" ಎಂದರು. "ಅದೇ ಅಲ್ವಾ ಅಪ್ಪಾ ನಿಮ್ಮ ಕೈಲಿ ಆಗದ ಕೆಲಸ" ಎಂದು ಮಗ ನಕ್ಕನು. ಆ ನಗೆಯ ಮೇಲಿನ ಹಠಕ್ಕೇ ನಾನು ಒಪ್ಪಿದೆನೆಂದರೆ ಸುಳ್ಳಾಗದು.

ಬೆಳಗಿನ ಜಾವ ಮೂರೂವರೆಗೆ ಮನೆ ಬಿಟ್ಟು, ಓಝಾರ್ಕ್ ಬೆಟ್ಟಸಾಲಿನ ಸಾರ್ವಜನಿಕ ಅರಣ್ಯವೊಂದರ ಅಂಚಿನಲ್ಲಿ ಗಾಡಿ ನಿಲ್ಲಿಸಿ, ದೀಪವಿಲ್ಲದೆ ಏರು ಹತ್ತಿದೆವು. ಓಕ್ ಮತ್ತು ಹಿಕರಿ ಮರಗಳು ಆಗತಾನೆ ಚಿಗುರೊಡೆಯುತ್ತಿದ್ದವು. ಅವುಗಳ ಬುಡದ ಕತ್ತಲೆಯಲ್ಲಿ ಡಾಗ್‌ವುಡ್ ಗಿಡದ ಬಿಳಿಯ ಹೂಗಳು ಕೊಂಬೆಗಳ ಆಸರೆಯಿಲ್ಲದೆ ತಾವಾಗಿ ನಿಂತಿರುವಂತೆ ಕಾಣುತ್ತಿದ್ದವು. ನಮ್ಮ ನತ್ತಿಂಗದ ಬಂಧುವಾದ ಒಂದು ಇರುಳುಹಕ್ಕಿ ಬೇಸರವಿಲ್ಲದೆ ಒಂದೇ ಪಲ್ಲವಿಯನ್ನು ಕೂಗುತ್ತಿದ್ದಿತು. ತಮ್ಮ ಬೆನ್ನಿಗಿಂತ ಅಗಲವಾದ ಬೊಡ್ಡೆಯ ಓಕ್ ಮರವೊಂದನ್ನು ಹುಡುಕಿ, ನೆರೆಯವರು ಅದಕ್ಕೆ ಒರಗಿ ಕುಳಿತು ನನ್ನನ್ನೂ ಪಕ್ಕದಲ್ಲಿ ಕೂರಿಸಿದರು. ಮರ ಅಗಲವಾಗಿರಬೇಕಾದುದು ಹಕ್ಕಿಯ ಕಣ್ಣು ತಪ್ಪಿಸುವುದಕ್ಕಷ್ಟೇ ಅಲ್ಲ, ಹಿಂದಿನಿಂದ ಬರುವ ಇನ್ನೊಬ್ಬ ಬೇಟೆಗಾರನ ಚರೆಗಳು ಬೆನ್ನಿಗೆ ಬೀಳದಿರಲೆಂದೂ ಹೌದು ಎಂಬುದನ್ನು ಅವರು ಹವಾಮಾನದ ವಿಷಯ ಹೇಳುವವರಂತೆ ಹೇಳಿದರು. ಮಲೆನಾಡಿನವರು ಇಂಥ ಕೂರುವಿಕೆಯನ್ನು ಮರಸು ಎನ್ನುತ್ತಾರೆ. ಕಾಯುವುದೇ ಮುಖ್ಯ, ಕೋವಿ ಆಮೇಲಿನ ಮಾತು.

ಮೂಡಣ ಬೆಳ್ಳಗಾಗುವ ಹೊತ್ತಿಗೆ ಅವರು ಎರಡೂ ಅಂಗೈಗಳನ್ನು ಬಾಯಿಗೆ ಗೂಡುಮಾಡಿ ಗೂಬೆಯಂತೆ ಕೂಗಿದರು. ಎದುರಿನ ದಿಣ್ಣೆಯ ಮರದ ಮೇಲಿಂದ ಗೊಳಗೊಳನೆ ಒಂದು ಧ್ವನಿ ಸಿಡಿಯಿತು. ವಸಂತದಲ್ಲಿ ಗಂಡು ಟರ್ಕಿಗೆ ಅಹಂಕಾರ ಎಷ್ಟು ತುಂಬಿರುತ್ತದೆಂದರೆ, ಗೂಬೆ ಕೂಗಿದರೂ, ಗುಡುಗು ಗುಡುಗಿದರೂ, ಕಾರಿನ ಬಾಗಿಲು ಬಡಿದರೂ ಅದಕ್ಕೆ ಉತ್ತರ ಕೊಡದೆ ಇರಲಾರದು. ಆದರೆ ಉತ್ತರ ಕೊಟ್ಟ ಮಾತ್ರಕ್ಕೆ ಅದು ಬಂದಿತೆಂದಲ್ಲ. ಪ್ರಕೃತಿಯ ನಿಯಮದಲ್ಲಿ ಗಂಡು ಒಂದೆಡೆ ನಿಂತು ಗರಿಬಿಚ್ಚಿ ಕೂಗುತ್ತದೆ, ಹೇಂಟೆಗಳು ಅದರ ಬಳಿಗೆ ನಡೆದು ಬರುತ್ತವೆ. ಬೇಟೆಗಾರನಾದರೋ ಹೇಂಟೆಯ ಧ್ವನಿಯನ್ನು ಅನುಕರಿಸಿ, ಗಂಡೇ ತನ್ನ ಬಳಿಗೆ ಬರಬೇಕೆಂದು ಕೇಳುತ್ತಾನೆ. ಎಂದರೆ ಆ ಜಾತಿಯ ಅನಾದಿಕಾಲದ ಮರ್ಯಾದೆಯನ್ನೇ ತಿರುಗುಮುರುಗು ಮಾಡಹೊರಡುತ್ತಾನೆ. ಇದರ ಮೇಲೆ ಶಾಸನದ ಕಟ್ಟುಗಳು ಬೇರೆ: ಸಾರ್ವಜನಿಕ ಅರಣ್ಯದಲ್ಲಿ ಮಧ್ಯಾಹ್ನ ಒಂದು ಗಂಟೆಯ ನಂತರ ಬೇಟೆಯಿಲ್ಲ, ಕಾಳು ಚೆಲ್ಲಿ ಕರೆಯುವಂತಿಲ್ಲ, ಧ್ವನಿಮುದ್ರಣ ನುಡಿಸುವಂತಿಲ್ಲ, ರೈಫಲ್ ಕೂಡದು, ಸಣ್ಣ ಚರೆಯ ಕೋವಿಯಾಗಬೇಕು, ಇಲ್ಲವೆ ಬಿಲ್ಲು, ಹಕ್ಕಿ ಗಂಡಾಗಿರಬೇಕು, ಅಥವಾ ಎದೆಯಿಂದ ಕುದುರೆಕೂದಲಿನ ಕುಚ್ಚಿನಂತೆ ಇಳಿಬಿದ್ದ 'ಗಡ್ಡ' ಕಣ್ಣಿಗೆ ಕಾಣುತ್ತಿರಬೇಕು. ಇಷ್ಟನ್ನೂ ಕೇಳಿದ ಮೇಲೆ, ಈ ಏರ್ಪಾಡು ಹಕ್ಕಿಯನ್ನು ಕೊಲ್ಲಿಸುವುದಕ್ಕಿಂತ ಮನುಷ್ಯನನ್ನು ಬರಿಗೈಯಲ್ಲಿ ಕಳಿಸುವುದಕ್ಕೇ ರಚಿತವಾದುದೆಂದು ನನಗೆ ತೋರಿತು.

ನೆರೆಯವರು ತಾವೇ ಮಾಡಿದ ಸೀಡರ್ ಮರದ ಪೆಟ್ಟಿಗೆಯೊಂದನ್ನು ಹೊರತೆಗೆದರು. ನಮ್ಮ ಕುಂಕುಮದ ಭರಣಿಗಿಂತ ತುಸು ಉದ್ದ. ಮೇಲೊಂದು ಹಿಡಿಯುಳ್ಳ ಮುಚ್ಚಳ. ಸೀಮೆಸುಣ್ಣ ಸವರಿದ ಆ ಮುಚ್ಚಳವನ್ನು ಪೆಟ್ಟಿಗೆಯ ಅಂಚಿಗೆ ಉಜ್ಜಿದರೆ ಹೇಂಟೆಯ ಕೀರುದನಿ ಬರುತ್ತದೆ. ಮೂರು ಸಲ ಉಜ್ಜಿದರು. ಗಂಡು ಕೂಗಿತು. ಸ್ವಲ್ಪ ಹೊತ್ತಾದ ಮೇಲೆ ಎಡಗಡೆಯ ಕಣಿವೆಯಿಂದ ನಿಜವಾದ ಹೇಂಟೆಯೊಂದು ಉತ್ತರ ಕೊಟ್ಟಿತು. "ಒಳ್ಳೆಯದಾಯಿತು, ಅವಳು ಬಂದರೆ ಅವಳ ಹಿಂದೆ ಅವನೂ ಬರುತ್ತಾನೆ" ಎಂದು ಅವರು ಪಿಸುಗುಟ್ಟಿದರು. ಮುಂದಿನ ನಲವತ್ತು ನಿಮಿಷ ಪೆಟ್ಟಿಗೆಗೂ ಕಣಿವೆಗೂ ಸಂವಾದ ನಡೆಯಿತು: ಇವರು ಒಮ್ಮೆ ಬಿನ್ನಾಣದಿಂದ ಕೂಗುವರು, ಅದು ತುಸು ಮುನಿಸಿನಿಂದ ಮರುನುಡಿಯುವುದು, ಪ್ರತಿ ಸಲವೂ ತುಸು ಹತ್ತಿರದಿಂದ. ಕಾಲಿಗೆ ಜೋಮು ಹಿಡಿದಿದ್ದರೂ, ಕುತ್ತಿಗೆಯ ಮೇಲೆ ಉಣ್ಣೆಯೊಂದು ಹರಿಯುತ್ತಿದ್ದರೂ, ಮಗನ ನಗೆಯನ್ನು ನೆನೆದು ನಾನು ಕಲ್ಲಿನಂತೆ ಕುಳಿತಿದ್ದೆ.

ಮೂವತ್ತು ಗಜದ ಆಚೆ ಪೊದೆ ಅಲುಗಿತು. ಅದರ ಸಂದಿನಲ್ಲಿ ಕೆಂಪಾದುದೊಂದು ಮಿನುಗಿತು, ಅದರೊಡನೆ ಬಿಳಿಯದೂ ಸ್ವಲ್ಪ. ಕೋವಿ ಮೆಲ್ಲನೆ ಮೊಳಕಾಲಿನ ಮೇಲೇರಿತು.

ಕೆಂಪು, ಬಿಳಿ, ನೀಲಿ, ಈ ಮೂರೂ ಗಂಡು ಟರ್ಕಿಯ ತಲೆಯ ಬಣ್ಣಗಳು; ಅದರ ಚಿತ್ತಸ್ಥಿತಿಗೆ ತಕ್ಕಂತೆ ಅವು ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಪೋರ್ಚುಗೀಸರ ಗೋವೆಯಿಂದ 1612ರಲ್ಲಿ ಆಸ್ಥಾನಿಕನಾದ ಮುಕರ್ರಬ್ ಖಾನನು ತಂದೊಪ್ಪಿಸಿದ ಈ ಹಕ್ಕಿಯನ್ನು ಕಂಡು ಜಹಾಂಗೀರ್ ಬಾದಶಹನು ಬೆರಗಾದುದೂ ಇದಕ್ಕೇ. ತನ್ನ ಆತ್ಮಕಥೆಯಲ್ಲಿ ಅದನ್ನು ಗೋಸುಂಬೆಗೆ ಹೋಲಿಸಿ ಬರೆದುದಲ್ಲದೆ, ಆಸ್ಥಾನದ ಚಿತ್ರಕಾರ ಮನ್ಸೂರನಿಂದ ಅದರ ಚಿತ್ರವನ್ನೂ ಬರೆಸಿದನು. ಬಾದಶಹನಿಗೆ ವಿನೋದವಾದುದು ಬೇಟೆಯ ಕಾಡಿನಲ್ಲಿ ಮೃತ್ಯುವಾಗಬಲ್ಲುದು. ನವೆಂಬರಿನ ಜಿಂಕೆ ಬೇಟೆಯಲ್ಲಿ ಎದ್ದುಕಾಣುವ ಕಿತ್ತಳೆ ಬಣ್ಣದ ಅಂಗಿ ಕಡ್ಡಾಯ. ಟರ್ಕಿಗಾದರೋ ಬಣ್ಣಗಳು ಚೆನ್ನಾಗಿ ಕಾಣುವುದರಿಂದ ವಸಂತದಲ್ಲಿ ಪ್ರತಿಯೊಬ್ಬನೂ ಮುಖ ಸಹಿತ ಎಲೆಬಣ್ಣದ ಬಟ್ಟೆಯಲ್ಲಿ ಅಡಗಿ, ಹಕ್ಕಿಯ ಧ್ವನಿ ಮಾಡುತ್ತ ಕುಳಿತಿರುತ್ತಾನೆ. ಆದುದರಿಂದಲೇ ಈ ಮೂರು ಬಣ್ಣಗಳ ಒಂದು ಎಳೆಯೂ ಮೈಮೇಲಿರಬಾರದೆಂದು ಅಲ್ಲಿ ಕಟ್ಟಪ್ಪಣೆಯಂತೆ ಕಲಿಸುತ್ತಾರೆ.

ನೆರೆಯವರ ಬೆರಳು ಟ್ರಿಗರಿನ ಹೊರಗೇ ನಿಂತಿತ್ತು. ಎಷ್ಟು ಹೊತ್ತೋ ಅರಿಯೆ. ಆಮೇಲೆ ಪೊದೆಯಿಂದ ಒಂದು ಸೀನು ಬಂದಿತು. ಕೋವಿ ಕೆಳಗಿಳಿಯಿತು, ಅವರು ಕೈಬೀಸದೆ, ಏಳದೆ, ಕುಳಿತಲ್ಲಿಂದಲೇ ದೊಡ್ಡ ಧ್ವನಿಯಲ್ಲಿ, "ಇಲ್ಲಿ ಮನುಷ್ಯರಿದ್ದೇವೆ" ಎಂದರು. ಅಲುಗಿದ ಕೈಯೂ ಹಕ್ಕಿಯಂತೆ ಕಾಣಬಹುದು, ಮಾತೊಂದೇ ಮನುಷ್ಯನದು. ಎದ್ದುಬಂದವನು ಇಪ್ಪತ್ತೈದರ ಯುವಕ. ಕೈಯಲ್ಲಿ ಕೋವಿ, ಇನ್ನೊಂದು ಕೈಯಲ್ಲಿ ಬಿಳಿಯ ಚುಕ್ಕೆಯ ಕೆಂಪು ಕರವಸ್ತ್ರ. ಹೂವಿನ ಪರಾಗಕ್ಕೆ ಮೂಗು ಸೋರಿ, ಕಲಿತುದನ್ನು ಮರೆತು ಅದನ್ನು ಜೇಬಿನಿಂದ ಎಳೆದಿದ್ದನು. ಅವನೂ ನಮ್ಮ ಹೇಂಟೆಯ ಕಡೆಗೆ ಕೋವಿಯನ್ನು ಅರ್ಧ ಎತ್ತಿದ್ದನಂತೆ. ಇಬ್ಬರು ಗಂಡಸರು ನಲವತ್ತು ನಿಮಿಷ ಒಬ್ಬರನ್ನೊಬ್ಬರು ಓಲೈಸಿದ್ದರು! ಯಾರಿಗೂ ನಗು ಬರಲಿಲ್ಲ. ನಿಜವಾದ ಗಂಡು ದೂರದ ದಿಣ್ಣೆಯ ಆಚೆ ಒಮ್ಮೆ ಕೂಗಿ ತನ್ನ ದಾರಿ ಹಿಡಿಯಿತು.

ಫ್ಲಾಸ್ಕಿನ ಕಾಫಿ ಬಗ್ಗಿಸುವಾಗ ನೆರೆಯವರ ಕೈ ನಡುಗಿ ಅರ್ಧ ನೆಲಕ್ಕೆ ಚೆಲ್ಲಿತು. ಏಕೆ ಹೊಡೆಯಲಿಲ್ಲವೆಂದು ನಾನು ಕೇಳಿದುದಕ್ಕೆ ಅವರು ಕೊಟ್ಟ ಉತ್ತರ ಎರಡೇ ಮಾತು: "ಗಡ್ಡ ಕಾಣಲಿಲ್ಲ."

ಈ ಎರಡು ಮಾತಿನ ಹಿಂದೆ ಎಷ್ಟು ದೀರ್ಘವಾದ ಶಿಕ್ಷಣವಿದೆಯೆಂಬುದು ಹಿಂದಿರುಗುವ ದಾರಿಯಲ್ಲಿ ತಿಳಿಯಿತು. ಅಂಕೆಯಿಲ್ಲದ ಬೇಟೆಯಿಂದಲೂ ಕಾಡಿನ ನಾಶದಿಂದಲೂ ಟರ್ಕಿಯ ಸಂತತಿ ನಶಿಸುತ್ತ ಬಂದು, 1937ರಲ್ಲಿ ಮಿಸೌರಿಯು ಅದರ ಬೇಟೆಯನ್ನೇ ನಿಲ್ಲಿಸಿತು. ಅದೇ ವರ್ಷ ಅಮೆರಿಕದ ಸಂಸತ್ತು, ಕೋವಿ ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪುನರುದ್ಧಾರಕ್ಕೇ ಮೀಸಲಿಡುವ ಶಾಸನವನ್ನು ಮಾಡಿತು. ಮೊದಮೊದಲು ಗೂಡುಗಳಲ್ಲಿ ಸಾಕಿದ ಹಕ್ಕಿಗಳನ್ನು ಸಾವಿರಗಟ್ಟಲೆ ಕಾಡಿಗೆ ಬಿಟ್ಟರು. ಭಯವನ್ನು ತಾಯಿಯಿಂದ ಕಲಿಯದ ಆ ಬಡಜೀವಿಗಳು ನರಿ ಗೂಬೆಗಳಿಗೆ ಆಹಾರವಾದುವು. 1950ರ ದಶಕದಲ್ಲಿ, ಅಳಿದುಳಿದ ಕಾಡುಹಕ್ಕಿಗಳನ್ನೇ ಸಿಡಿಬಲೆ ಹಾಕಿ ಹಿಡಿದು ಬೇರೆ ಕಾಡುಗಳಿಗೆ ಬಿಡತೊಡಗಿದ ಮೇಲೆ ಸಂತತಿ ಚಿಗುರಿತು. 1960ರಲ್ಲಿ ಮೂರೇ ದಿನ, ಹದಿನಾಲ್ಕೇ ಜಿಲ್ಲೆಗಳಲ್ಲಿ ಬೇಟೆಗೆ ಅನುಮತಿ ದೊರೆತಾಗ ಬಿದ್ದ ಹಕ್ಕಿಗಳು 94. 2004ರ ವಸಂತದಲ್ಲಿ ಆ ಸಂಖ್ಯೆ 60 ಸಾವಿರವನ್ನು ಮೀರಿತು. ಬೇಟೆಯಾಡದ ಪ್ರಜೆಗಳೂ ಹೊರಗುಳಿಯಲಿಲ್ಲ: 1976ರಲ್ಲಿ ಅವರು ಮತ ಹಾಕಿ, 8 ಡಾಲರಿನ ಖರೀದಿಗೆ 1 ಸೆಂಟಿನಂತೆ ಕಾಡಿಗಾಗಿ ತೆರಿಗೆಯನ್ನು ತಾವೇ ತಲೆಯ ಮೇಲೆ ಹೊತ್ತುಕೊಂಡರು. ಕೊಲ್ಲುವ ಹವ್ಯಾಸವನ್ನು ನಾನು ಮೆಚ್ಚಲಾರೆ. ಅದರ ಬೆಲೆ ತೆತ್ತು, ಲೆಕ್ಕ ಬರೆದಿಟ್ಟು, ಕಟ್ಟಿಗೊಳಗಾದ ರೀತಿಯನ್ನು ಮೆಚ್ಚದಿರಲಾರೆ. 1967ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಶಿಕ್ಷಣ ಪಡೆಯದೆ ಅಲ್ಲಿ ಸಾಮಾನ್ಯವಾಗಿ ಪರವಾನಗಿ ಕೊಳ್ಳುವಂತಿಲ್ಲ. ಕರವಸ್ತ್ರದ ಯುವಕನು ಅಂಥ ಶಿಕ್ಷಣ ಪಡೆದವನೇ. ಒಂದು ಪಾಠವನ್ನು ಮರೆತಿದ್ದರೂ, ಕಾಣದುದಕ್ಕೆ ಹೊಡೆಯಬಾರದೆಂಬ ಇನ್ನೊಂದನ್ನು ಮರೆತಿರಲಿಲ್ಲ. ಅದರಿಂದಲೇ ನಾನು ಈ ಲೇಖನ ಬರೆಯುತ್ತಿದ್ದೇನೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನ ಬೇಟೆಯನ್ನು ನಿಷೇಧಿಸಿದೆ. ಆ ನಿಷೇಧ ಸಡಿಲವಾಗಬೇಕೆಂದು ನಾನು ಹೇಳುವವನಲ್ಲ. ಆದರೆ ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಬೆಳೆರಕ್ಷಣೆಯ ಪರವಾನಗಿಯ ಕೋವಿಗಳುಂಟು, ಕೊಡವರಿಗೆ ಪರವಾನಗಿಯಿಂದಲೇ ವಿನಾಯಿತಿಯುಂಟು, ಪರವಾನಗಿಯಿಲ್ಲದ ನಾಡಕೋವಿಗಳೂ ಇಲ್ಲದಿಲ್ಲ. ಕಾಡುಹಂದಿಯೆಂದು ಭ್ರಮಿಸಿ ಜೊತೆಗಾರನಿಗೇ ಗುಂಡು ಹೊಡೆದ ವಾರ್ತೆಯನ್ನು ಪತ್ರಿಕೆಗಳಲ್ಲಿ ನಾವು ಎಷ್ಟು ಸಲ ಓದಿಲ್ಲ! ರಾತ್ರಿ, ತಲೆಗೆ ಕಟ್ಟಿದ ಬ್ಯಾಟರಿ, ಅಲುಗಿದ ಪೊದೆ, ಹೊಳೆದ ಕಣ್ಣು. ಆಮೇಲೆ ಪೊಲೀಸರ ಮಹಜರು. ಕಾನೂನಿನ ಕಣ್ಣು ತಪ್ಪಿಸಿ ನಡೆಯುವ ಕೆಲಸಕ್ಕೆ ಗುರುವೂ ಇರುವುದಿಲ್ಲ, ನಿಯಮವೂ ಇರುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಬೇಡುವವನಿಗೆ ತರಬೇತಿಯನ್ನು ವಿಧಿಸಿವೆ, ನಿಜ; ಅಜ್ಜನ ಕಾಲದ ಜೋಡುನಳಿಗೆಯನ್ನು ಹೆಗಲಿಗೇರಿಸಿ ಗದ್ದೆಯ ಬದುವಿಗೆ ಹೋಗುವವನಿಗೆ, ಏನನ್ನು ಕಂಡ ಮೇಲೆ ಬೆರಳು ಒಳಗೆ ಹೋಗಬೇಕೆಂಬುದನ್ನು ಯಾರು ಕಲಿಸಿದರು?

ಭತ್ತ ತೆನೆಗಟ್ಟುವ ಮುನ್ನ, ಮಲೆನಾಡಿನ ಪ್ರತಿಯೊಂದು ಗ್ರಾಮ ಪಂಚಾಯಿತಿಯೂ ಪೊಲೀಸು ಮತ್ತು ಅರಣ್ಯ ಇಲಾಖೆಗಳೊಡನೆ ಸೇರಿ, ತನ್ನ ಮೇರೆಯ ಕೋವಿಯುಳ್ಳವರನ್ನೆಲ್ಲ ಒಂದು ದಿನ ಕರೆಯಲಿ. ಕರೆದು, ಪೊದೆಯ ಹಿಂದೆ ಒಬ್ಬನನ್ನು ಕೂರಿಸಿ ಕೆಂಪು ಕರವಸ್ತ್ರವೊಂದನ್ನು ಅಲುಗಿಸಲಿ. ಖಾಲಿ ಕೋವಿಯನ್ನೂ ಅದರತ್ತ ತಿರುಗಿಸದೆ, ಅಲ್ಲಿರುವುದೇನೆಂದು ನೋಡಿದವರು ಬಾಯಿಬಿಟ್ಟು ಹೇಳಲಿ. ಇದಕ್ಕೆ ಹೊಸ ಶಾಸನ ಬೇಕಾಗಿಲ್ಲ; ಈ ಸಲದ ಮಳೆಗಾಲ ಮುಗಿಯುವುದರೊಳಗೆ ಆಗಬಹುದಾದ ಕೆಲಸ.